ಮಳೆ ಪದ್ಮಯ್ಯನ ಆರು ಇಂಚು

ಮೋಕ್ಷಿತಾ ಅಪ್ಪನ ಮಳೆ ಮಾಪಕವನ್ನು ಮನೆಯ ಮಾಡಿನ, ಅಂದರೆ ಸೂರಿನ, ಅಂಚಿನ ಕೆಳಗಿಂದ ಕಿತ್ತು ತಂದು ಅಂಗಳದ ನಟ್ಟನಡುವೆ ನಿಲ್ಲಿಸಿದಳು. ಕದ್ದುಮುಚ್ಚಿ ಅಲ್ಲ, ಅಪ್ಪ ಪದ್ಮಯ್ಯನ ಕಣ್ಣೆದುರಿಗೇ. ಮಡಿಕೇರಿಯ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎ.ಗೆ ಸೇರಿದ್ದ ಅವಳು ಪ್ರಾದೇಶಿಕ ಭೂಗೋಳದ ಪಾಠಕ್ಕೆ ತನ್ನ ಊರಿನ ಮಳೆ ಅಳೆದು ನಕ್ಷೆ ಬರೆಯಬೇಕಿತ್ತು. ಮನೆಯಾಗಲಿ ಮರವಾಗಲಿ ಹತ್ತಿರವಿಲ್ಲದ ಬಯಲಿನಲ್ಲಿ ಅಳೆದ ಮಳೆಯೇ ಮಳೆ, ಉಳಿದದ್ದಕ್ಕೆ ಸೊನ್ನೆ ಎಂದು ಸೌಮ್ಯ ಮೇಡಂ ಖಡಾಖಂಡಿತವಾಗಿ ಹೇಳಿದ್ದರು.

"ಎಲ್ಲಿ ಇಟ್ಟರೆ ಎಂತ? ಮಳೆ ಜಾಗ ನೋಡಿ ಬೀಳ್ತದಾ?" ಎಂದು ಪದ್ಮಯ್ಯ ಧಾರಾಳವಾಗಿ ನಕ್ಕ.

ಅವನಿಗೇನು ಭಯ? ಚೇರಂಬಾಣೆಯ ಸುತ್ತಮುತ್ತ ಕಾಫಿ ತೋಟ ಇದ್ದವರ ಮನೆಯಲ್ಲೆಲ್ಲ ಒಂದು ಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ನೀರು ಅಳೆಯುವುದು, ಆಮೇಲೆ ಫೋನು ಹಿಡಿದು "ನಿಮ್ಮಲ್ಲಿ ಮಳೆ ಎಷ್ಟು ಬಾತ್?", ಎಷ್ಟು ಬಂತು, ಎಂದು ಕೇಳುವುದು. ಕೇಳುವುದು ನೆಪ, ತಮ್ಮದನ್ನು ಹೇಳಿಕೊಳ್ಳುವುದೇ ಕೆಲಸ. ಈ ಪೈಪೋಟಿಯಲ್ಲಿ ಪದ್ಮಯ್ಯನನ್ನು ಸೋಲಿಸಿದವರಿರಲಿಲ್ಲ. ಭಾಗಮಂಡಲದವರೂ ಅವನ ಲೆಕ್ಕ ಕೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮದುವೆ ಮನೆಗಳಲ್ಲಿ ಅವನನ್ನು ಮಳೆ ಪದ್ಮಯ್ಯ ಎಂದೇ ಪರಿಚಯ ಮಾಡಿಸುವುದು. ಬೆಟ್ಟಗೇರಿಯ ಗೆಳೆಯ ಶಶಿಕುಮಾರ್ ವರ್ಷ ವರ್ಷವೂ ಎರಡನೆಯವನಾಗಿ ಹಲ್ಲು ಕಡಿಯುತ್ತಿದ್ದ.

ಮರುದಿನ ಬೆಳಿಗ್ಗೆ ಪದ್ಮಯ್ಯ ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ. ಹಿಂದಿನ ದಿನದಿಂದ ಬಿಡದೆ ಬಡಿದ ಮಳೆ, ಆರು ಇಂಚಿಗೆ ಮೋಸವಿಲ್ಲ ಎಂದುಕೊಂಡಿದ್ದ. ಇದ್ದದ್ದು ಮೂರು. ಮಾಪಕವನ್ನು ಮಗುಚಿ ಹಾಕಿ ತೂತು ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿದ. ತೂತೂ ಇಲ್ಲ, ಬಿರುಕೂ ಇಲ್ಲ.

"ಮೊದಲು ಮಾಡಿನ ನೀರೂ ಅದಕ್ಕೇ ಬೀಳ್ತಿತ್ತು, ಈಗ ಬೀಳುದಿಲ್ಲೆ. ಅಷ್ಟೇ ಅಲ್ವಾ?" ಎಂದಳು ಅವನ ಹೆಂಡತಿ ಪೂವಮ್ಮ, ರೊಟ್ಟಿ ತಟ್ಟುತ್ತಾ. ಮದುವೆಯಾಗಿ ಬಂದ ದಿನದಿಂದಲೂ ಗೊತ್ತಿತ್ತು ಎಂಬ ಹಾಗಿತ್ತು ಅವಳ ದನಿ.

"ನೀನು ಸುಮ್ಮನಿರು," ಎಂದ ಪದ್ಮಯ್ಯ.

ಅಂದಿನಿಂದ ಅವನು ಫೋನು ಮುಟ್ಟಲಿಲ್ಲ. ಕೇಳಿದರೆ "ನೆಟ್‌ವರ್ಕ್ ಇಲ್ಲೆ" ಎನ್ನುತ್ತಿದ್ದ. ಅವನ ಪಕ್ಕದಲ್ಲೇ ಕೂತು ಮೋಕ್ಷಿತಾಳ ತಮ್ಮ ಮಿಲನ್ ಆರಾಮವಾಗಿ ರೀಲ್ಸ್ ನೋಡುತ್ತಿದ್ದ. ವಿಚಿತ್ರವೆಂದರೆ ಶಶಿಕುಮಾರನೂ ಫೋನು ಮಾಡಲಿಲ್ಲ. "ಅವನಿಗೆ ಐದು ಇಂಚು ಬಂದಿರ್ತದೆ. ನನಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದಾನೆ ಪಾಪಿ," ಎಂದುಕೊಂಡು ಪದ್ಮಯ್ಯ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಏಳತೊಡಗಿದ. ಮೋಕ್ಷಿತಾ ಅಪ್ಪನ ಸಪ್ಪೆ ಮುಖವನ್ನೇ ನೋಡಿದಳು. ತನ್ನ ನಾಲ್ಕು ಮಾರ್ಕಿನ ಆಸೆಗೆ ಅಪ್ಪನ ಹೆಸರೇ ಹೋಯಿತಲ್ಲ ಎನ್ನಿಸಿತು.

ಕೊನೆಗೆ ಒಂದು ಬೆಳಿಗ್ಗೆ ಅವನೇ ಅವಳ ಹತ್ತಿರ ಬಂದು ನಿಂತ.

"ಮೋಕ್ಷಿ, ಆ ಗೇಜನ್ನು ಮೊದಲಿದ್ದಲ್ಲೇ ಇಟ್ಟರೆ ಹೇಗೆ? ಅದಕ್ಕೂ ಆ ಜಾಗ ಅಭ್ಯಾಸ ಆಗಿತ್ತು."

"ಇಡ್ತೇನೆ ಅಪ್ಪ. ಆದರೆ ನಕ್ಷೆಯಲ್ಲಿ ನಾನು ಸುಳ್ಳು ಬರೀಬೇಕಾಗ್ತದೆ."

ಪದ್ಮಯ್ಯ ಅಂಗಳದ ಮಾಪಕವನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. "ಹಾಗಾದರೆ ಬೇಡ," ಎಂದವನೇ ಕಹಿ ಕಷಾಯ ಕುಡಿಯುವವನ ಮುಖ ಮಾಡಿಕೊಂಡು ಶಶಿಕುಮಾರನಿಗೆ ಫೋನು ಹಚ್ಚಿದ. ಎಂದಿನಂತೆ ಸ್ಪೀಕರ್ ಹಾಕಿದ್ದರಿಂದ ಮನೆಮಂದಿಗೆಲ್ಲ ಕೇಳುತ್ತಿತ್ತು.

"ಶಶೀ, ನಮ್ಮಲ್ಲಿ ಈಗ ಮೂರೇ ಇಂಚು ಮಾರಾಯ. ಇನ್ನು ನೀನೇ ಮೊದಲು. ನಗುವುದಾದರೆ ನಗು."

ಆ ಕಡೆಯಿಂದ ಶಶಿಕುಮಾರನ ದನಿ ಏರಿತು.

"ಮೂರಾ? ನಮ್ಮಲ್ಲಿ ಎರಡೂವರೆ. ಯಾವ ಮುಖ ಇಟ್ಟುಕೊಂಡು ನಿನಗೆ ಫೋನ್ ಮಾಡುದು ಅಂತ ಸುಮ್ಮನಿದ್ದೆ. ನಮ್ಮ ಹುಡುಗ ದೀಕ್ಷಿತ್ ನಿನ್ನ ಮಗಳ ಕ್ಲಾಸೇ ಅಲ್ವಾ, ಗೇಜನ್ನು ಕಿತ್ತು ಬಯಲಿಗೆ ಹಾಕಿದ್ದಾನೆ."

"ಮೊದಲು ಎಲ್ಲಿತ್ತು?"

"ಕೊಟ್ಟಿಗೆ ಮಾಡಿನ ಕೆಳಗೆ. ನಿನ್ನದು?"

ಪದ್ಮಯ್ಯ ಹೊಟ್ಟೆ ಕುಲುಕಿಸಿ ನಗತೊಡಗಿದ. ಆ ಕಡೆಯಿಂದಲೂ ನಗು. ಕುಂಬಳಕಾಯಿ ಕಳ್ಳ ಎಂದರೆ ಇಬ್ಬರೂ ಒಟ್ಟಿಗೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು. ನಗು ಇಳಿದ ಮೇಲೆ ಶಶಿಕುಮಾರ್ ಉಳಿದ ಸುದ್ದಿ ಹೇಳಿದ. ಭಾಗಮಂಡಲದಲ್ಲಿ ತುಳಸಿ ಎಂಬ ಹುಡುಗಿಯ ಮನೆಯಲ್ಲೂ ಮಳೆಯ ಲೆಕ್ಕ ಇಳಿದಿತ್ತು, ನಾಪೋಕ್ಲಿನಲ್ಲೂ ಇಳಿದಿತ್ತು. ಅಳೆದ ಮಕ್ಕಳೆಲ್ಲ ಅದೇ ಕ್ಲಾಸಿನವರು. ಹವಾಮಾನ ಕೆಟ್ಟಿತು ಎಂದು ಹಿರಿಯರೆಲ್ಲ ಟೀ ಅಂಗಡಿಯಲ್ಲಿ ತಲೆಗೆ ಕೈಹೊತ್ತು ಕೂತಿದ್ದರಂತೆ.

"ಒಂದು ಕ್ಲಾಸಿನ ಮಕ್ಕಳು ಸೇರಿ ಅರ್ಧ ಕೊಡಗಿನ ಮಳೆ ನಿಲ್ಲಿಸಿಬಿಟ್ಟರು ನೋಡು," ಎಂದು ಶಶಿಕುಮಾರ್ ಫೋನಿಟ್ಟ.

ಪದ್ಮಯ್ಯ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. "ಅವನದ್ದು ಎರಡೂವರೆ, ನಮ್ಮದು ಮೂರು. ಹಾಗಾದರೆ ಈಗಲೂ ನಾನೇ ಮೊದಲು ಅಲ್ವಾ?" ಎಂದು ಮಗಳ ಮುಖ ನೋಡಿದ.

"ನೀನೇ ಅಪ್ಪ. ನಕ್ಷೆಯಲ್ಲೂ ಹಾಗೇ ಬರೀತೇನೆ," ಎಂದಳು ಮೋಕ್ಷಿತಾ. ಈ ಸಲ ಅವಳಿಗೂ ನಗು ಬಂತು.

"ಪೂವಿ, ಇನ್ನೆರಡು ರೊಟ್ಟಿ ತಾ," ಎಂದು ಕೂಗಿ ಪದ್ಮಯ್ಯ ಚಕ್ಕಳಮಕ್ಕಳ ಹಾಕಿ ಕೂತ. ಎರಡನೆಯ ರೊಟ್ಟಿ ಮುರಿಯುವಾಗ ಅವನ ಕಣ್ಣು ಮಿಲನ್ ಮೇಲೆ ಬಿತ್ತು. ಮುಂದಿನ ವರ್ಷ ಅವನೂ ಕಾಲೇಜು ಸೇರುವವನು.

"ಇವನನ್ನು ಚರಿತ್ರೆ ಓದಲಿಕ್ಕೆ ಹಾಕುವಾ," ಎಂದ ಪದ್ಮಯ್ಯ. "ನನ್ನ ಆರು ಇಂಚು ಅಲ್ಲಿಯಾದರೂ ಉಳಿಯಲಿ."