ಜನವರಿಯ ಮದುವೆಗೆ ಕೆಂಪು

ಕಾಡಂಚಿನ ಮರದ ಮನೆಯಿಂದ ತುವಾ ಹೊರಬಂದಳು. ಬಾಗಿಲಲ್ಲಿ ನಿಂತಿದ್ದ ರಾಸ್ಮುಸ್‌ನ ತೋಳು ಹಿಡಿದು ಏನೋ ಹೇಳಿದಳು. ಆಮೇಲೆ ತನ್ನ ಕಾರು ಹತ್ತಿ ಹೊರಟುಹೋದಳು.

ಸ್ಪ್ರೂಸ್ ಮರಗಳ ಹಿಂದೆ ಕಾರಿನಲ್ಲಿ ಕೂತಿದ್ದ ಮಲೇನಾ ಎಲ್ಲವನ್ನೂ ಕಣ್ಣಾರೆ ಕಂಡಳು. ಪ್ರತಿ ಗುರುವಾರ ಅವನಿಗೆಂದು ತರುವ ಏಲಕ್ಕಿ ಬನ್ನು ಮಡಿಲಲ್ಲಿ ಇನ್ನೂ ಬೆಚ್ಚಗಿತ್ತು. ಅದನ್ನು ಹಾಗೆಯೇ ಮನೆಗೆ ವಾಪಸು ತಂದಳು.

ರಾಸ್ಮುಸ್ ಅವಳ ತಂಗಿ ಹಿಲ್ಲೆವಿಯನ್ನು ಜನವರಿಯಲ್ಲಿ ಮದುವೆಯಾಗಲಿದ್ದವನು. ತುವಾ ಹಿಲ್ಲೆವಿಯ ಜೀವದ ಗೆಳತಿ, ಚರ್ಚಿನಲ್ಲಿ ಮದುಮಗಳ ಪಕ್ಕದಲ್ಲಿ ನಿಲ್ಲಬೇಕಾದವಳು. ತಾಯಿ ಸತ್ತಾಗ ಹಿಲ್ಲೆವಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅಲ್ಲಿಂದೀಚೆಗೆ ಅವಳಿಗೆ ತಲೆ ಬಾಚಿದ್ದು, ಸ್ಕೀ ಕಟ್ಟಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಮಲೇನಾಳೇ. ಊರಿನವರು ಈಗಲೂ ಅದನ್ನು ಹೇಳಿ ಹೊಗಳುತ್ತಾರೆ.

ಮಲೇನಾಳಿಗೆ ಅಂದಿನಿಂದ ಅನ್ನ ನೀರು ಸೇರಲಿಲ್ಲ. ಆ ಮನುಷ್ಯನನ್ನು ಎಷ್ಟು ನಂಬಿದ್ದಳು! ಎಷ್ಟು ಸಲ ಫೋನ್ ಮಾಡಿದರೂ ಅವನು ಎತ್ತಲಿಲ್ಲ. ತಂಗಿಗೆ ಹೇಳಿಬಿಡೋಣವೆಂದು ಎರಡು ಸಲ ಹೊರಟು ಹಿಂದೆ ಸರಿದಳು. ಹೇಳಿದರೆ ನೂರು ಪ್ರಶ್ನೆ ಬರುತ್ತವೆ. ಹಾಗೆಂದು ತುವಾಳನ್ನು ಸುಮ್ಮನೆ ಬಿಡುವುದೂ ಅವಳಿಂದಾಗದು. ರಾಸ್ಮುಸ್‌ನ ಹೊಸ್ತಿಲನ್ನು ಆ ಹುಡುಗಿ ಇನ್ನೊಮ್ಮೆ ತುಳಿಯಬಾರದು, ಅಷ್ಟೇ.

ದಾರಿಯನ್ನು ಹಿಲ್ಲೆವಿಯೇ ತೋರಿಸಿದಳು. ಅಡುಗೆಮನೆಯ ಮೇಜಿನ ಮೇಲೆ ಮದುವೆಯ ಉಡುಪುಗಳಿಗೆಂದು ತಂದ ಬಟ್ಟೆಯ ಚೂರುಗಳನ್ನು ಹರಡಿಕೊಂಡು ಕೂತಿದ್ದಳು. ಬೆಳ್ಳಿ, ತಿಳಿನೀಲಿ, ಬೂದಿ. ಹೊರಗೆ ಮಧ್ಯಾಹ್ನವೇ ಕತ್ತಲಾಗಿತ್ತು, ಕಿಟಕಿಯಲ್ಲಿ ಕ್ರಿಸ್‌ಮಸ್ ನಕ್ಷತ್ರ ಉರಿಯುತ್ತಿತ್ತು.

"ಎಲ್ಲಾ ತಣ್ಣಗಿದೆ ಕಣೇ," ಎಂದಳು ಮಲೇನಾ. "ಹೊರಗೂ ಹಿಮ, ಒಳಗೂ ಹಿಮ. ಫೋಟೋದಲ್ಲಿ ಎಲ್ರೂ ಚಳಿಜ್ವರ ಬಂದೋರ ಥರ ಕಾಣ್ತೀರ. ನಡುವೆ ಒಂದು ಕೆಂಪು ಇರ್ಲಿ."

ಹಿಲ್ಲೆವಿಯ ಕೈ ಚೂರುಗಳ ಮೇಲೆಯೇ ನಿಂತಿತು.

ಮದುವೆಗೆ ಕೆಂಪು ಉಟ್ಟು ಬಂದವಳು ಮದುಮಗನ ಹಾಸಿಗೆ ಕಂಡವಳು ಎಂಬುದು ಆ ಸೀಮೆಯ ಹಳೆಯ ನಂಬಿಕೆ. ಈಗ ಅದನ್ನು ನಂಬುವವರಿಲ್ಲ. ಮರೆತವರೂ ಇಲ್ಲ.

"ಕೆಂಪಾ? ಜನ ಏನಂತಾರೆ ಗೊತ್ತಲ್ಲ, ಅಕ್ಕ?"

"ಮುದುಕಿಯರು ಅಂತಾರೆ. ಅನ್ಲಿ ಬಿಡು."

"ಎಲ್ರಿಗೂ ಕೆಂಪಾ?"

"ಒಬ್ಬಳಿಗೆ ಸಾಕು. ತುವಾಗೆ. ಕಪ್ಪು ಕೂದಲಿಗೆ ಒಪ್ಪತ್ತೆ."

ಹಿಲ್ಲೆವಿ ಅಕ್ಕನ ಮುಖವನ್ನೇ ನೋಡಿದಳು. "ಸರಿ," ಎಂದಳು. "ಒಬ್ಬಳಿಗೆ ಮಾತ್ರ."

ಮಲೇನಾಳಿಗೆ ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮದುವೆಯ ದಿನ ಇಡೀ ಓಸ್ಟರ್‌ಸುಂಡ್ ಪಟ್ಟಣವೇ ತುವಾಳನ್ನು ನೋಡಿ ಪಿಸುಗುಟ್ಟಬೇಕು. ಆ ಪಿಸುಮಾತು ರಾಸ್ಮುಸ್‌ನ ಕಿವಿಗೂ ಬೀಳಬೇಕು, ಚಳಿಗಾಲದಲ್ಲೂ ಅವನು ಬೆವರಬೇಕು.

ಡಿಸೆಂಬರ್ ನಡುವಿನ ಲೂಸಿಯಾ ಹಬ್ಬದ ಕಾಫಿಗೆ ತುವಾ ಬಂದಳು. ಸುದ್ದಿ ಕೇಳಿ ನಕ್ಕಳು. "ಕೆಂಪಾ? ನಮ್ಮಜ್ಜಿ ಇದ್ದಿದ್ರೆ ಚರ್ಚ್ ಬಾಗಿಲಲ್ಲೇ ಕಿವಿ ಹಿಂಡಿ ವಾಪಸ್ ಕಳಿಸ್ತಿದ್ಲು." ಹೇಳುತ್ತ ಹಿಲ್ಲೆವಿಯ ಕಡೆ ನೋಡಿದಳು. ಇಬ್ಬರೂ ಮುಗುಳ್ನಕ್ಕರು. ಎಂಥ ಲಜ್ಜೆಗೆಟ್ಟವಳು, ಎಂದುಕೊಂಡಳು ಮಲೇನಾ. ತನ್ನ ತಂಗಿಯ ಮೇಜಿನ ಮುಂದೆ ಕೂತು, ತನ್ನ ತಂಗಿ ಕೊಟ್ಟ ಕೇಸರಿ ಬನ್ನು ತಿನ್ನುತ್ತ ನಗುತ್ತಾಳಲ್ಲ. ರಾಸ್ಮುಸ್ ಮಾತ್ರ ಒಲೆಯ ಹತ್ತಿರ ನಿಂತೇ ಕಾಫಿ ಕುಡಿದ. ಮಲೇನಾಳ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಕಳ್ಳನ ಮುಖ ಹಾಗೇ ಇರುತ್ತದೆ.

ಅದೇ ವಾರ ದರ್ಜಿ ಸೋಲ್ವೈಗ್ ಮೂವರು ಹೆಂಗಸರ ಅಳತೆಯನ್ನೂ ತೆಗೆದುಕೊಂಡಳು. ಮಲೇನಾ ತನಗೆ ಬೂದಿ ಬಣ್ಣ ಆರಿಸಿಕೊಂಡಿದ್ದಳು. ತಾಯಿಯ ಜಾಗದಲ್ಲಿ ನಿಲ್ಲುವವಳಿಗೆ ಅದೇ ಗೌರವ. ಹೊರಡುವಾಗ ಹಿಲ್ಲೆವಿ ದರ್ಜಿಯ ಹತ್ತಿರ ಏನೋ ಕೇಳುವುದಿದೆ ಎಂದು ಹಿಂದೆ ಉಳಿದಳು.

ಹೊಸ ವರ್ಷ ಕಳೆದ ಮೇಲೆ ಉಡುಪು ಹಾಕಿ ನೋಡಲು ಮೂವರೂ ಅಂಗಡಿಗೆ ಹೋದರು. ಮಲೇನಾ ಬೂಟಿನ ಹಿಮ ಕೊಡವಿ ಒಳಗೆ ಬರುವಷ್ಟರಲ್ಲಿ ತುವಾ ಕನ್ನಡಿಯ ಮುಂದೆ ನಿಂತಿದ್ದಳು. ಮೈಮೇಲೆ ಬೆಳ್ಳಿ ಬಣ್ಣದ ಉಡುಪು, ಅವಳಿಗೆಂದೇ ಹೊಲಿದಂತೆ ಕೂತಿತ್ತು.

"ಇದೇನು?" ಎಂದಳು ಮಲೇನಾ. "ತುವಾಗೆ ಕೆಂಪು ಅಂತ ಮಾತಾಗಿತ್ತಲ್ಲ?"

"ಒಬ್ಬಳಿಗೆ ಅಂತ ಮಾತಾಗಿತ್ತು," ಎಂದಳು ಹಿಲ್ಲೆವಿ. ಅವಳ ದನಿ ಏರಲಿಲ್ಲ. "ಸೋಲ್ವೈಗ್, ಒಂದು ನಿಮಿಷ ನಮ್ಮನ್ನ ಬಿಡ್ತೀರಾ?"

ದರ್ಜಿ ಒಳಕೋಣೆಗೆ ಹೋಗಿ ಬಾಗಿಲೆಳೆದುಕೊಂಡಳು. ತುವಾ ಕನ್ನಡಿಯಿಂದ ಮುಖ ತಿರುಗಿಸಿದಳು.

"ಹಿಲ್ಲೆವಿ, ನಿಂಗೊತ್ತಿಲ್ಲ," ಎಂದಳು ಮಲೇನಾ. ಇನ್ನು ತಡೆದುಕೊಳ್ಳಲು ಅವಳಿಗೆ ಆಗಲಿಲ್ಲ. "ಇವಳು ಆ ಮರದ ಮನೆಗೆ ಹೋಗಿದ್ಲು. ರಾಸ್ಮುಸ್ ಒಬ್ಬನೇ ಇದ್ದಾಗ. ನಾನೇ ನೋಡಿದೀನಿ."

"ನಾನೇ ಕಳಿಸಿದ್ದು," ಎಂದಳು ಹಿಲ್ಲೆವಿ. "ಗುರುವಾರ ಗುರುವಾರ ಅಲ್ಲಿಗೆ ಬರೋರು ಯಾರು ಅಂತ ಕೇಳ್ಕೊಂಡು ಬಾ ಅಂದೆ. ಅವನು ಹೇಳ್ದ. ನಂಗೆ ನಂಬೋಕೇ ಆಗ್ಲಿಲ್ಲ. ನೀನಾಗೇ ಬಂದು ಹೇಳ್ತೀಯ ಅಂತ ಕಾದೆ, ಅಕ್ಕ. ಅವನನ್ನ ಬಿಟ್ಬಿಡೋಕೆ ನಂಗೆ ಕಷ್ಟ ಆಗಲ್ಲ. ನೀನು ಹೇಳ್ತೀಯ ಅಂತ ದಿನಾ ಕಾದೆ. ನೀನು ಬಣ್ಣ ಆರಿಸ್ದೆ."

ಅವಳು ಗೂಟದಿಂದ ಕೆಂಪು ಉಡುಪನ್ನು ತೆಗೆದು ಅಕ್ಕನ ಕೈಗಿತ್ತಳು.

"ಹಾಕ್ಕೋ. ನಿನ್ನ ಅಳತೆಗೇ ಹೊಲಿಸಿರೋದು."