ವೆಲ್ಮಾಳ ಹನ್ನೆರಡು ತೋಟಾ

ಗಂಡ ಸತ್ತು ಮೂರು ವಾರವಾಗಿತ್ತಷ್ಟೇ. ಜನ್ಮದಲ್ಲಿ ಕೋವಿ ಮುಟ್ಟದ ವೆಲ್ಮಾ, ಪಕ್ಕದ ಮನೆಯ ಆರ್ಲೊನ ಗ್ಯಾರೇಜಿಗೆ ಬಂದು, "ತೋಟಾ ತುಂಬೋದು ಹೇಳ್ಕೊಡು" ಎಂದಳು.

ಆರ್ಲೊನ ಎದೆ ಧಸಕ್ಕೆಂದಿತು. ಒಲ್ಲೆನೆಂದರೆ ಅಂಗಡಿಯಿಂದ ತಂದಾಳು. ಕಣ್ಣೆದುರೇ ಇರಲಿ ಎಂದು ಒಪ್ಪಿದ.

ದಕ್ಷಿಣ ಡಕೋಟಾದ ಆ ಊರಿನಲ್ಲಿ ಗಂಡಸರು ಬೇಟೆಯ ತೋಟಾದ ಖಾಲಿ ಕೊಳವೆಗೆ ಸಿಡಿಮದ್ದು, ಅದರ ಮೇಲೆ ಸೀಸದ ಗುಂಡು ತಾವೇ ತುಂಬುವವರು. ಅವಳ ಗಂಡ ಕ್ಲಿಫ್ ಮತ್ತು ಆರ್ಲೊ ಇದೇ ಮೇಜಿನ ಮುಂದೆ ನಲವತ್ತು ಚಳಿಗಾಲ ಕಿತ್ತಾಡಿದ್ದರು.

"ಎಷ್ಟು ಬೇಕು?"

"ಹನ್ನೆರಡು. ಆಮೇಲೆ ಈ ಕೆಲಸ ನಂಗಿಲ್ಲ."

"ಅಯ್ಯೋ ಮಾರಾಯ್ತಿ, ಹನ್ನೆರಡಕ್ಕೆ ಯಾರಾದ್ರೂ ಕಲೀತಾರಾ? ನಾನೇ ತುಂಬ್ಕೊಡ್ತೀನಿ."

"ಬೇಡ. ನನ್ನ ಕೈಯಾರೆ ಆಗ್ಬೇಕು. ಶನಿವಾರ ಬೇಟೆ ಶುರುವಲ್ಲ, ನಾನೂ ಕ್ಲಿಫೂ ಜೊತೇಲೇ ಹೋಗೋದು."

ಆರ್ಲೊಗೆ ಅಂದು ಊಟ ಸೇರಲಿಲ್ಲ.

ನಾಲ್ಕು ದಿನ ಕಲಿಸಿದ. ಶುಕ್ರವಾರ ಅವಳು ಅವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಒಬ್ಬಳೇ ತುಂಬಿದಳು. ಕಣ್ಣು ಕೆಂಪಾಗಿತ್ತು. "ಇಲ್ಲೇ ಇರ್ಲಿ, ಬೆಳಿಗ್ಗೆ ಬಂದು ಒಯ್ತೀನಿ" ಎಂದು ಹೊರಟಳು.

ಅವಳು ತನ್ನ ಮನೆಯೊಳಗೆ ಹೋದದ್ದೇ ತಡ, ಆರ್ಲೊ ಚಾಕು ತೆಗೆದ. ಮೊದಲ ತೋಟಾ ಸೀಳಿದ. ಸೀಸದ ಗುಂಡು ಒಂದೂ ಇಲ್ಲ. ಕಂಠಮಟ್ಟ ಬೂದುಬಣ್ಣದ ಪುಡಿ. ಇಷ್ಟು ಮದ್ದಿಗೆ ಕೋವಿಯೇ ಸಿಡಿದು ಮುಖ ಛಿದ್ರವಾಗುತ್ತದೆ! ಕನ್ನಡಕ ಹುಡುಕುವ ತಾಳ್ಮೆ ಯಾರಿಗಿತ್ತು? "ಪೆದ್ದಿ, ಪೆದ್ದಿ" ಎನ್ನುತ್ತ ಹನ್ನೆರಡನ್ನೂ ಸೀಳಿ ಡಬ್ಬಿಗೆ ಸುರಿದ.

ಬೇಡದ ಮದ್ದನ್ನು ಅಲ್ಲಿ ಯಾರೂ ಕಸಕ್ಕೆ ಹಾಕುವುದಿಲ್ಲ. ಅಂಗಳದ ಹುಲ್ಲಿಗೆ ಗೊಬ್ಬರವೆಂದು ಎರಚುತ್ತಾರೆ. ಆರ್ಲೊನೂ ಎರಚಿದ. ಪೈಪು ಹಿಡಿದು ಚೆನ್ನಾಗಿ ನೀರು ಬಿಟ್ಟ.

ಬೆಳಿಗ್ಗೆ ವೆಲ್ಮಾ ಕ್ಲಿಫ್‌ನ ಕಿತ್ತಳೆ ಬಣ್ಣದ ಬೇಟೆ ಟೋಪಿ ಹಾಕಿಕೊಂಡು ಬಂದಳು. ಮೂರು ವಾರದಲ್ಲಿ ಮೊದಲ ಬಾರಿ ನಕ್ಕಳು. ಆರ್ಲೊ ಅವಳ ಎರಡೂ ಕೈ ಹಿಡಿದುಕೊಂಡ.

"ಬೈಯಿ, ಹೊಡಿ, ಏನಾದ್ರೂ ಮಾಡು. ನಿನ್ನ ತೋಟಾ ಎಲ್ಲ ಸೀಳಿ ಹಾಕ್ದೆ. ನಿನ್ನ ಸಾಯೋಕೆ ಬಿಡಲ್ಲ ನಾನು."

"ಸಾಯೋಕಾ?" ಅವಳ ನಗು ನಿಂತಿತು. "ಮದ್ದು ಚಿಟಿಕೆಯಷ್ಟೇ ಹಾಕಿದ್ನಲ್ಲ... ಅದರೊಳಗಿದ್ದದ್ದು ಎಲ್ಲಿ?"

"ಹುಲ್ಲಿಗೆ ಹಾಕಿ ನೀರು ಬಿಟ್ಟೆ."

ವೆಲ್ಮಾ ಒದ್ದೆ ಹುಲ್ಲಿನ ಮೇಲೆ ಕುಸಿದು, ಎರಡೂ ಅಂಗೈಯಿಂದ ಮಣ್ಣು ತಡವತೊಡಗಿದಳು.

"ಕಾಡುಕೋಳಿ ಏಳೋ ಹೊಲದ ಮೇಲೆ ನನ್ನ ಬೂದಿ ಕೋವಿಯಿಂದ ಹಾರಿಸು ಅಂದಿದ್ದ ಕಣೋ ಆರ್ಲೊ, ನನ್ನ ಗಂಡ. ಮಕ್ಕಳು ಅವರವರ ಪಾಲು ಒಯ್ದರು. ನನ್ನ ಪಾಲಿಗೆ ಉಳಿದಿದ್ದ ಕ್ಲಿಫ್ ಆ ಹನ್ನೆರಡು ತೋಟಾದೊಳಗೆ ಇದ್ದಷ್ಟೇ."