ಪ್ರೊಸೆಸರ್ ಮೇಲಿನ ಹೊರೆ

ಕಂಪ್ಯೂಟರ್ ಹ್ಯಾಂಗ್ ಆಗಿದ್ದಕ್ಕೇ ಆನ್‌ಲೈನ್ ಗೇಮ್‌ನ ಮೂರು ಪಂದ್ಯ ಸೋತೆನೆಂದು ಹೇಳಿ ಅವನು ತಂಡದಲ್ಲಿ ಉಳಿದಿದ್ದ. ನಾಲ್ಕನೆಯದಕ್ಕೆ ಅರ್ಧ ಗಂಟೆಯಿತ್ತು. ಆಟದ ಸೆಟ್ಟಿಂಗ್ಸ್‌ನಲ್ಲಿ ನೆರಳು, ಹುಲ್ಲು, ನೀರು ಎಲ್ಲದರ ಚಿತ್ರದ ಗುಣಮಟ್ಟ ಕಡಿಮೆ ಮಾಡಿದರೂ ಪರದೆ ತಡವರಿಸುತ್ತಲೇ ಇತ್ತು.

"ಪ್ರೊಸೆಸರ್ ನೂರಕ್ಕೆ ನೂರು ಓಡ್ತಿದೆ ಅಕ್ಕಾ."

"ಕಡಿಮೆ ಮಾಡಿದ್ದೇ ತಪ್ಪು ಕಣೋ. ಚಿತ್ರ ಹಗುರಾದಷ್ಟೂ ಸೆಕೆಂಡಿಗೆ ಬರೋ ಫ್ರೇಮ್ ಜಾಸ್ತಿ ಆಗತ್ತೆ, ಅಷ್ಟಕ್ಕೂ ಪ್ರೊಸೆಸರ್ರೇ ದುಡೀಬೇಕು. ಗ್ರಾಫಿಕ್ಸ್ ಕಾರ್ಡ್ ಹೊಸ ಅಳಿಯನ ಥರ ಸುಮ್ನೆ ಕೂತಿದೆ. ಅದಕ್ಕೂ ಕೆಲಸ ಕೊಡು."

ಅಕ್ಕ ಎಲ್ಲವನ್ನೂ ಏರಿಸಿದಳು. ಪ್ರೊಸೆಸರ್ ಅರವತ್ತಕ್ಕೆ ಇಳಿಯಿತು. ಪಂದ್ಯ ಒಂದೇ ಒಂದು ಸಲವೂ ತಡವರಿಸಲಿಲ್ಲ. ನಾಲ್ಕೇ ನಿಮಿಷಕ್ಕೆ ಅವನು ಸೋತ.

ನಾಯಕನ ಫೋನ್ ಬಂತು. "ಇವತ್ತೂ ಹ್ಯಾಂಗ್ ಆಯ್ತೇನೋ?"

ಅಕ್ಕನ ಕಡೆ ನೋಡದೆ ಅವನು ಹೇಳಿದ, "ಹೂಂ ಕಣೋ, ಮೊದಲಿಗಿಂತ ಜಾಸ್ತಿ."